ಕ್ರೆಡಿಟ್ ಅಂದ್ರೆ ಯಾವ ಕ್ರೆಡಿಟ್ಟು?

ಅಪಾರ್ಟ್‌ಮೆಂಟ್ ಆಫೀಸಿನವರು ‘ಕ್ರೆಡಿಟ್ ಇಲ್ಲ’ ಅಂತ ಅರ್ಜಿ ವಾಪಸ್ ಕೊಟ್ಟರು, ಯೂನಿವರ್ಸಿಟಿಯಲ್ಲಿ ಒಂಬತ್ತು ಕ್ರೆಡಿಟ್ ತಗೊಳ್ಳಲೇಬೇಕು ಅಂತಾರೆ, ಜಾಕೆಟ್ ಹಿಂದಿರುಗಿಸೋಕೆ ಹೋದರೆ ದುಡ್ಡಿನ ಬದಲು ಕ್ರೆಡಿಟ್ ಕೊಟ್ಟು ಕಳಿಸಿದರು, ಇದೆಲ್ಲ ಒಂದೇನಾ ಅಂತ ಕೇಳಿದ್ದೀರಿ. ಟೆಕ್ಸಾಸ್‌ಗೆ ಬಂದ ಮೊದಲ ತಿಂಗಳಲ್ಲೇ ಮೂರೂ ಎದುರಾಗಿವೆ, ಪರವಾಗಿಲ್ಲ! ಮೂರೂ ಬೇರೆ ಬೇರೆ. ಈ ಮಾತು ಕಿವಿಗೆ ಬಿದ್ದಾಗ ನಾನು ನೋಡೋದು ಇಷ್ಟೇ: ಇಲ್ಲಿ ಯಾರು ಯಾರಿಗೆ ಕೊಡಬೇಕು?

ಕಾಲೇಜಿನದು ಪಾಠದ ಅಳತೆ. ವಾರಕ್ಕೆ ಮೂರು ಗಂಟೆ ತರಗತಿ ಇದ್ದರೆ ಸಾಮಾನ್ಯವಾಗಿ ಮೂರು ಕ್ರೆಡಿಟ್. ಎಂ.ಎಸ್. ಮಾಡೋರಿಗೆ ಹೆಚ್ಚಿನ ಕಡೆ ಒಂಬತ್ತಾದರೆ ಪೂರ್ಣಾವಧಿ. ಎಫ್-1ನಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಇರೋರು ಇಂಟರ್‌ನ್ಯಾಷನಲ್ ಆಫೀಸನ್ನು ಕೇಳದೆ ಒಂದು ಕೋರ್ಸನ್ನೂ ಬಿಡಬಾರದು. ‘ಎಕ್ಸ್‌ಟ್ರಾ ಕ್ರೆಡಿಟ್’ ಅಂದರೆ ಪ್ರೊಫೆಸರ್ ಕೊಡೋ ಹೆಚ್ಚುವರಿ ಅಂಕ, ಸಿಕ್ಕರೆ ಬಿಡಬೇಡಿ.

ಜಾಕೆಟ್ಟಿನದು ಅಂಗಡಿಯವರು ನಿಮಗೆ ಕೊಡಬೇಕಾದ ಬಾಕಿ, ಅದನ್ನು ಅಲ್ಲೇ ಖರ್ಚು ಮಾಡಬೇಕು ಅಷ್ಟೆ. ಮುಂದಿನ ಸಲ ರಸೀದಿ ಜೋಪಾನ ಮಾಡಿ. ಅದಿದ್ದರೆ ಬಹಳ ಕಡೆ ದುಡ್ಡೇ ಕಾರ್ಡಿಗೆ ವಾಪಸ್ ಬರುತ್ತೆ. ಬ್ಯಾಂಕ್ ಖಾತೆಯಲ್ಲಿ ಕ್ರೆಡಿಟ್ ಅಂದರೆ ಜಮಾ, ಊರಿನ ಪಾಸ್‌ಬುಕ್ಕಿನ ಹಾಗೇ. ಕಾರ್ಡ್ ಬಿಲ್ಲಿನಲ್ಲಿ ಬಾಕಿಯ ಹಿಂದೆ ಮೈನಸ್ ಗುರುತು ಕಂಡರೆ ಗಾಬರಿ ಬೇಡ, ಬ್ಯಾಂಕೇ ನಿಮಗೆ ಕೊಡಬೇಕು ಅಂತ ಅರ್ಥ. ಪೆಟ್ರೋಲ್ ಬಂಕಿನ ಬೋರ್ಡಿನಲ್ಲಿ ಕ್ಯಾಶ್, ಕ್ರೆಡಿಟ್ ಅಂತ ಎರಡು ದರ ಇದ್ದರೆ ಕಾರ್ಡಿನವರಿಗೆ ಕೆಲವು ಸೆಂಟ್ ಜಾಸ್ತಿ.

ಇನ್ನು ಅಪಾರ್ಟ್‌ಮೆಂಟಿನ ವಿಷಯ. ನಿಮ್ಮ ಖಾತೆಯಲ್ಲಿ ದುಡ್ಡಿದೆ, ಆದರೂ ‘ಕ್ರೆಡಿಟ್ ಇಲ್ಲ’. ಅವರು ಹುಡುಕಿದ್ದು ನಿಮ್ಮ ಸಾಲದ ಚರಿತ್ರೆ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಅನ್ನೋ ಮೂರು ಕಂಪನಿಗಳು ದೇಶದವರೆಲ್ಲರ ಸಾಲ, ಕಂತುಗಳ ವಿವರ ಕೂಡಿಹಾಕುತ್ತವೆ. ಅದರಿಂದ ಹುಟ್ಟೋದೇ ಸ್ಕೋರ್. 1989ರಿಂದ ಬಳಕೆಯಲ್ಲಿರುವ, ಫೈಕೋ ಅನ್ನೋ ಕಂಪನಿಯ ಸ್ಕೋರ್ 300ರಿಂದ 850ರವರೆಗೆ ಇರುತ್ತೆ. ಕಿರಾಣಿ ಅಂಗಡಿಯ ಶೆಟ್ಟರ ಉದ್ರಿ ಪುಸ್ತಕ ಇದ್ದ ಹಾಗೆ, ಆದರೆ ಅದನ್ನು ಮನೆ ಬಾಡಿಗೆಗೆ ಕೊಡೋರೂ ಕಾರ್ ಸಾಲ ಕೊಡೋರೂ ತೆಗೆದು ಓದ್ತಾರೆ. ಬೆಂಗಳೂರಿನಲ್ಲಿ ನಿಮ್ಮ ಸಿಬಿಲ್ ಎಷ್ಟೇ ಚೆನ್ನಾಗಿದ್ದರೂ ತಾನಾಗಿ ಅದು ಇಲ್ಲಿಗೆ ಬರೋದಿಲ್ಲ. ಯಾರ ಹತ್ತಿರವೂ ಕೈಚಾಚಿದವರಲ್ಲ ಅಂತ ನಮ್ಮ ಕಡೆ ಹಿರಿಯರ ಬಗ್ಗೆ ಹೆಮ್ಮೆಯಿಂದ ಹೇಳ್ತೀವಲ್ಲ, ಅಂಥವರಿಗೆ ಇಲ್ಲಿ ಸ್ಕೋರೇ ಹುಟ್ಟೋದಿಲ್ಲ. ನನಗೆ ಇದು ಇವತ್ತಿಗೂ ತಲೆಕೆಳಗಾದ ನ್ಯಾಯ ಅನ್ನಿಸುತ್ತೆ. ಅನ್ನಿಸಿ ಏನು ಮಾಡೋದು, ಬಾಡಿಗೆ ಮನೆ ಬೇಕಲ್ಲ.

ಸದ್ಯಕ್ಕೆ ಆಫೀಸಿನವರಿಗೆ ಐ-20 (ವೀಸಾಕ್ಕೆ ಅಂತ ಯೂನಿವರ್ಸಿಟಿ ಕೊಟ್ಟ ಪ್ರವೇಶ ಪತ್ರ), ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ, ಹೆಚ್ಚಿನ ಡಿಪಾಸಿಟ್ ತಗೊಂಡು ಕೊಡ್ತೀರಾ ಅಂತ ಕೇಳಿ. ವಿದ್ಯಾರ್ಥಿಗಳೇ ತುಂಬಿರೋ ಕಾಂಪ್ಲೆಕ್ಸುಗಳಲ್ಲಿ ಬಹಳಷ್ಟು ಸಲ ಒಪ್ಪುತ್ತಾರೆ. ಜೊತೆಗೇ ಒಂದು ಸೆಕ್ಯೂರ್ಡ್ ಕಾರ್ಡ್ ತಗೊಳ್ಳಿ: ಇನ್ನೂರೋ ಮುನ್ನೂರೋ ಡಾಲರ್ ನೀವೇ ಠೇವಣಿ ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ಮಿತಿಯ ಕಾರ್ಡ್ ಕೊಡ್ತಾರೆ. ದಿನಸಿ, ಫೋನ್ ಬಿಲ್ ಅದರಲ್ಲಿ ಹಾಕಿ, ಬಿಲ್ ಬಂದಾಗ ಪೂರ್ತಿ ಕಟ್ಟಿಬಿಡಿ. ‘ಮಿನಿಮಮ್ ಡ್ಯೂ’ ಅಂತ ಚಿಕ್ಕ ಮೊತ್ತ ಬರೆದಿರ್ತಾರೆ, ಅದನ್ನು ನಂಬಿ ಕೂತರೆ ಮುಗೀತು. ಉಳಿದದ್ದಕ್ಕೆ ಎಷ್ಟೋ ಕಾರ್ಡುಗಳಲ್ಲಿ ವರ್ಷಕ್ಕೆ ಶೇ. 20ಕ್ಕೂ ಮೇಲೆ ಬಡ್ಡಿ. ಫೈಕೋ ಸ್ಕೋರ್ ಹುಟ್ಟೋಕೆ ಆರು ತಿಂಗಳಾದರೂ ಬೇಕು. ಅದರಲ್ಲಿ ಶೇ. 35ರಷ್ಟು ತೂಕ ಹೊತ್ತಿಗೆ ಸರಿಯಾಗಿ ಕಟ್ಟಿದ್ದಕ್ಕೆ, ಶೇ. 30ರಷ್ಟು ನಿಮ್ಮ ಬಾಕಿಗೆ, ಮುಖ್ಯವಾಗಿ ಮಿತಿಯಲ್ಲಿ ಎಷ್ಟು ಪಾಲು ಬಳಸಿದ್ದೀರಿ ಅನ್ನೋದಕ್ಕೆ. ಮೂವತ್ತು ದಿನ ದಾಟಿ ಕಟ್ಟಿದರೆ ಆ ಕಲೆ ಏಳು ವರ್ಷ ದಾಖಲೆಯಲ್ಲಿ ಉಳಿಯಬಹುದು.

ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯೂರಿಟಿ ನಂಬರ್, ಇಲ್ಲಿನ ಸರ್ಕಾರ ಕೊಡೋ ಗುರುತಿನ ಸಂಖ್ಯೆ) ಬಂದ ಮೇಲೆ ಮೂರೂ ಕಂಪನಿಗಳಲ್ಲಿ ‘ಕ್ರೆಡಿಟ್ ಫ್ರೀಜ್’ ಮಾಡಿಸಿಡಿ. ಹೆಸರು ಕೇಳಿ ಹೆದರಬೇಡಿ, ನಿಮ್ಮ ಹೆಸರಲ್ಲಿ ಬೇರೆಯವರು ಸಾಲ ಎತ್ತದ ಹಾಗೆ ಹಾಕೋ ಬೀಗ ಅದು. 2017ರಲ್ಲಿ ಈಕ್ವಿಫ್ಯಾಕ್ಸ್‌ನಿಂದ 14 ಕೋಟಿಗೂ ಹೆಚ್ಚು ಜನರ ವಿವರ ಕಳುವಾಯಿತು. ಮರುವರ್ಷದಿಂದ ಈ ಬೀಗ ದೇಶದಾದ್ಯಂತ ಪುಕ್ಕಟೆ. ಹೊಸ ಕಾರ್ಡಿಗೆ ಅರ್ಜಿ ಹಾಕೋವಾಗ ತೆಗೆದು ಮತ್ತೆ ಹಾಕಬಹುದು.

ಕ್ಯಾಂಪಸ್ಸಿನಲ್ಲಿ ‘ಕ್ರೆಡಿಟ್ ಯೂನಿಯನ್’ ಬೋರ್ಡ್ ಕಂಡರೆ ಒಳಗೆ ಹೋಗಿ. ಅದು ನಮ್ಮ ಪತ್ತಿನ ಸಹಕಾರ ಸಂಘವೇ, ಸದಸ್ಯರದ್ದೇ ಬ್ಯಾಂಕ್. ಈ ದೇಶದ ಮೊದಲನೆಯದು 1908ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್‌ನಲ್ಲಿ ಶುರುವಾಯಿತು. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು 1905ರಲ್ಲಿ! ಸಹೋದ್ಯೋಗಿಗಳಿಗೆ ಇದನ್ನು ಹೇಳೋ ಅವಕಾಶ ನಾನು ಬಿಡೋದಿಲ್ಲ.

ಕೆಲಸ ಸಿಕ್ಕ ಮೇಲೆ ಇನ್ನೆರಡು ಕ್ರೆಡಿಟ್ ಬರುತ್ತವೆ. ‘ಟ್ಯಾಕ್ಸ್ ಕ್ರೆಡಿಟ್’ ಕಟ್ಟಬೇಕಾದ ತೆರಿಗೆಯಲ್ಲೇ ನೇರವಾಗಿ ವಜಾ ಆಗುತ್ತೆ, ‘ಡಿಡಕ್ಷನ್’ ಬರೀ ಆದಾಯದಲ್ಲಿ. ಮುಂದೆ ತೆರಿಗೆ ಲೆಕ್ಕಕ್ಕೆ ನೀವು ಇಲ್ಲಿನ ನಿವಾಸಿ ಅಂತಾದಾಗ ಊರಿನ ಎಫ್‌ಡಿ ಬಡ್ಡಿಯನ್ನೂ ಇಲ್ಲಿ ತೋರಿಸಬೇಕು. ಅದರ ಮೇಲೆ ಅಲ್ಲಿ ಕಟ್ಟಿದ ತೆರಿಗೆಯನ್ನು ಫಾರ್ಮ್ 1116ರಲ್ಲಿ ಕ್ರೆಡಿಟ್ ಅಂತ ಕೇಳಬಹುದು.

ಇನ್ನೊಂದು ಸೋಷಿಯಲ್ ಸೆಕ್ಯೂರಿಟಿಯದು, ಅಂದರೆ ಸಂಬಳದಲ್ಲಿ ಕಡಿತ ಮಾಡಿಕೊಂಡು ಸರ್ಕಾರ ನಡೆಸೋ ಪಿಂಚಣಿಯದು. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು, ನಿವೃತ್ತಿ ವೇತನಕ್ಕೆ ನಲವತ್ತು, ಅಂದರೆ ಕಡಿಮೆಯೆಂದರೂ ಹತ್ತು ವರ್ಷದ ದುಡಿಮೆ. ಭಾರತದ ಜೊತೆ ಇದಕ್ಕೆ ಒಪ್ಪಂದವಿಲ್ಲ, ಅಲ್ಲಿನ ದುಡಿಮೆ ಇಲ್ಲಿ ಸೇರೋದಿಲ್ಲ. ಎಫ್-1ರಲ್ಲಿ ಹೊಸದಾಗಿ ಬಂದಿರೋ ನಿಮಗೆ ಆ ಕಡಿತವೂ ಇಲ್ಲ, ಕ್ರೆಡಿಟ್ಟೂ ಇಲ್ಲ. ಲೈಬ್ರರಿ ಕೆಲಸದ ಪೇ ಸ್ಲಿಪ್ಪಿನಲ್ಲಿ ‘ಫೈಕಾ’ ಅನ್ನೋ ಹೆಸರಲ್ಲಿ ಈ ಕಡಿತ ಹಿಡಿದಿದ್ದರೆ ಆ ತಿಂಗಳೇ ಪೇರೋಲ್‌ನವರನ್ನು ಕೇಳಿ, ವಾಪಸ್ ಕೊಡ್ತಾರೆ.