ಶಾಲಾ ಡಿಸ್ಟ್ರಿಕ್ಟ್ ವರದಿಯಲ್ಲಿ ನೂರಕ್ಕೆ ನೂರು, ಮಗಳಿಗೆ ವಿಶೇಷ ಶಿಕ್ಷಣ ಬೇಕೇ ಎಂದು ನೋಡುವ ಇವ್ಯಾಲ್ಯುಯೇಶನ್‌ಗೆ ಐದು ತಿಂಗಳು: ಹೇಗೆ?

ಬಹುಶಃ ದಿನಗಳ ಎಣಿಕೆ ಶುರುವಾಗಿದ್ದೇ ತಡವಾಗಿ. ಅಮೆರಿಕದ ರಾಜ್ಯಗಳು ಪ್ರತಿವರ್ಷ ಫೆಬ್ರುವರಿ 1ರೊಳಗೆ ಫೆಡರಲ್ ಶಿಕ್ಷಣ ಇಲಾಖೆಗೆ ಕೊಡುವ ವಿಶೇಷ ಶಿಕ್ಷಣ ವರದಿಯ 11ನೇ ಸೂಚಕ (ಇವ್ಯಾಲ್ಯುಯೇಶನ್ ಸಮಯಕ್ಕೆ ಮುಗಿಯಿತೇ ಎಂಬ ಅಳತೆ), ನೀವು ಕೇಳಿದ ದಿನದಿಂದಲ್ಲ, ಸಹಿ ಮಾಡಿದ ಒಪ್ಪಿಗೆ ಪತ್ರ ಕೈಸೇರಿದ ದಿನದಿಂದ 60 ದಿನ ಎಣಿಸುತ್ತದೆ. ನಿಮ್ಮ ರಾಜ್ಯದ ಗಡುವು ಬೇರೆಯೇ ಇರಬಹುದು, ನೋಡಿಕೊಳ್ಳಿ. ನಾವು ಸೆಪ್ಟೆಂಬರಲ್ಲಿ ಬಾಯಿಮಾತಲ್ಲಿ ಕೇಳಿದ್ದೆವು, ಫಾರಂ ಬಂದದ್ದು ಜನವರಿಗೆ. ಆ ನಾಲ್ಕು ತಿಂಗಳು ಯಾವ ಲೆಕ್ಕದಲ್ಲೂ ಇಲ್ಲ! ಅಲ್ಲದೆ ಆ ವರದಿ ಹಿಂದಿನ ಶಾಲಾ ವರ್ಷದ್ದು.

ಮೊದಲು ಸಹಿಯ ತಾರೀಖು ಹುಡುಕಿ. ಗಡುವು ಮೀರಿದ್ದರೆ ಕಾರಣ ಬರಹದಲ್ಲಿ ಕೇಳಿ, ಇಮೇಲ್ ಸಾಕು. ಉತ್ತರ ಬಾರದಿದ್ದರೆ ರಾಜ್ಯ ಶಿಕ್ಷಣ ಇಲಾಖೆಗೆ ಲಿಖಿತ ದೂರು ಕೊಡಿ, ಅದರ ನಕಲು ಡಿಸ್ಟ್ರಿಕ್ಟ್‌ಗೂ ಹೋಗಲಿ. ಲೋಪವಾಗಿ 1 ವರ್ಷ ದಾಟಿರಬಾರದು. ಸಾಮಾನ್ಯವಾಗಿ 60 ದಿನದೊಳಗೆ ಅವರು ತೀರ್ಮಾನ ಕೊಡಬೇಕು.