ನೌಕರಿ, ಮನೆ, ಮಗುವಿನ ನಡುವೆ ಬದುಕಿನ ಉದ್ದೇಶವನ್ನು ಕಂಡುಕೊಳ್ಳುವುದು ಹೇಗೆ?

ನೀವು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿರುವುದಾಗಿಯೂ, ಮೂರು ವರ್ಷದ ಮಗಳಿರುವುದಾಗಿಯೂ, ದಿನಗಳು ಉರುಳುತ್ತಿದ್ದರೂ ಯಾವುದಕ್ಕಾಗಿ ಬದುಕುತ್ತಿದ್ದೇನೆಂಬುದು ತಿಳಿಯದಾಗಿದೆಯೆಂದೂ ಬರೆದಿದ್ದೀರಿ. ನಸುಕಿನಲ್ಲಿ ಏಳಬೇಕು, ಧ್ಯಾನ ಮಾಡಬೇಕು, ದಿನಚರಿ ಬರೆಯಬೇಕು ಎಂಬ ಸಲಹೆಗಳನ್ನು ಪಾಲಿಸಲು ಹೋಗಿ ಇನ್ನಷ್ಟು ದಣಿದಿರುವುದಾಗಿ ಹೇಳಿ, ಕೆಲಸ ಬಿಟ್ಟರೆ ನೆಮ್ಮದಿ ಸಿಕ್ಕೀತೇ ಎಂದು ಕೇಳಿದ್ದೀರಿ. ನಾನು ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಬ್ಯಾಂಕ್ ಶಾಖೆಯಲ್ಲಿ ಕೆಲಸ ಮಾಡುವವಳು, ಶಾಲೆಗೆ ಹೋಗುವ ಇಬ್ಬರು ಮಕ್ಕಳ ತಾಯಿ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಹೆಣೆದುಕೊಂಡಿವೆ ಎಂದು ನನಗನ್ನಿಸುತ್ತದೆ: ಒಂದು ಬಿಡುವಿಲ್ಲದಿರುವುದು, ಇನ್ನೊಂದು ಗುರಿ ಕಾಣದಿರುವುದು. ಮೊದಲನೆಯದಕ್ಕೆ ಎರಡನೆಯದರ ಮದ್ದನ್ನು ಕೊಡುತ್ತಾ ಹೋದರೆ ದಣಿವು ಹೆಚ್ಚುವುದೇ ಹೊರತು ಬೇರೇನೂ ಆಗುವುದಿಲ್ಲ.

ಬಿಡುವಿನ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷಗಳನ್ನು ಕೊಡುತ್ತಾರೆ. 2019ರ ಸಮೀಕ್ಷೆಯಲ್ಲಿ ಈ ಅಂಕಿಗಳು 299 ಮತ್ತು 97 ಇದ್ದವು. ಇಬ್ಬರ ಕೆಲಸವೂ ಒಂದಿಷ್ಟು ಇಳಿದಿದೆ, ನಡುವಿನ ಅಂತರ ಮಾತ್ರ ಇದ್ದಲ್ಲೇ ಇದೆ. ಇದು ಮನೆಗೆಲಸದಲ್ಲಿ ತೊಡಗುವವರ ಸರಾಸರಿಯಷ್ಟೇ. ಒಂದು ಲೋಟವನ್ನೂ ತೊಳೆಯದ ಗಂಡಸರು ಆ 88 ನಿಮಿಷಗಳ ಲೆಕ್ಕದೊಳಗೆ ಬರುವುದೇ ಇಲ್ಲ. ಹೀಗಿರುವಾಗ ನಸುಕಿನಲ್ಲಿ ಇನ್ನೂ ಒಂದು ಗಂಟೆ ಮುಂಚೆ ಎದ್ದು ಬದುಕಿನ ಅರ್ಥವನ್ನು ಹುಡುಕಿರೆಂದು ತಾಯಂದಿರಿಗೆ ಉಪದೇಶಿಸುವುದು, ನಿದ್ದೆಯನ್ನು ಕದ್ದು ಸಾಲ ತೀರಿಸಿರೆಂದು ಹೇಳಿದ ಹಾಗಾಯಿತು.

ನಿಮಿಷಗಳಿಗಿಂತ ಹೆಚ್ಚಾಗಿ ಕಾಡುವುದು ನೆನಪಿನ ಹೊರೆ. ಹಾಲಿಗೆ ಹೆಪ್ಪು ಹಾಕಿದ್ದೇವೆಯೇ, ಗ್ಯಾಸ್ ಬುಕ್ ಮಾಡಿದ್ದೇವೆಯೇ, ಲಸಿಕೆಯ ಕಾರ್ಡಿನಲ್ಲಿ ಮುಂದಿನ ದಿನಾಂಕ ಯಾವುದು, ನಾಳೆ ಮಗು ಯಾವ ಬಣ್ಣದ ಅಂಗಿ ಹಾಕಿಕೊಂಡು ಹೋಗಬೇಕೆಂದು ಶಾಲೆಯವರು ಬರೆದಿದ್ದಾರೆ, ಇವೆಲ್ಲವೂ ಒಬ್ಬಳದೇ ತಲೆಯಲ್ಲಿ ಸುತ್ತುತ್ತಿದ್ದರೆ ಅಲ್ಲಿ ಬೇರೆ ಯಾವ ಯೋಚನೆಗೂ ಜಾಗ ಉಳಿಯುವುದಿಲ್ಲ. ಆದ್ದರಿಂದ ಕೆಲಸಗಳನ್ನು ಬಿಡಿಬಿಡಿಯಾಗಿ ಹಂಚಬೇಡಿ, ವಿಷಯವನ್ನೇ ಪೂರ್ತಿಯಾಗಿ ವಹಿಸಿಕೊಡಿ. ನಮ್ಮ ಮನೆಯಲ್ಲಿ ಮಕ್ಕಳ ಶಾಲೆಗೆ ಸಂಬಂಧಿಸಿದ್ದೆಲ್ಲವೂ, ಅಂದರೆ ಫೀಸು, ಡೈರಿ, ಪಾಲಕರ ಸಭೆ, ಶಾಲೆಯ ವಾಟ್ಸ್ಆ್ಯಪ್ ಗುಂಪು, ಇವೆಲ್ಲವೂ ನನ್ನ ಪತಿಯ ಪಾಲಿನವು. ಶಾಲೆಯಲ್ಲಿರುವ ಫೋನ್ ನಂಬರು ಕೂಡ ಅವರದೇ. ಆ ಗುಂಪಿನಲ್ಲಿ ನಾನು ಇಲ್ಲ. ವಾರದ ದಿನಗಳಿಗೆ ಬೇಕಾದ ಜೋಳದ ರೊಟ್ಟಿಯನ್ನು ಪಕ್ಕದ ಓಣಿಯಲ್ಲಿ ಮಾಡಿ ಮಾರುವವರಿಂದ ತರಿಸುತ್ತೇವೆ. ಇದಕ್ಕೆ ಅತ್ತೆಯವರು ಮೊದಲು ಒಪ್ಪಲಿಲ್ಲ, ಮನೆಯ ರೊಟ್ಟಿಯ ರುಚಿಯೇ ಬೇರೆ ಎಂದರು. ಅವರ ಮಾತು ನಿಜವೇ, ರುಚಿ ಬೇರೆಯೇ. ಆ ರುಚಿಯನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದೇವೆ.

ಉದ್ಯೋಗದಾತರಿಂದ ಸಿಗಬೇಕಾದದ್ದನ್ನು ಕೇಳಿ ಪಡೆಯುವುದು ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆಯನ್ನು ಕೊಟ್ಟಿತೆಂಬುದು ಎಲ್ಲರಿಗೂ ಗೊತ್ತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯು ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿಯು ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಅವಕಾಶ ಕೊಡಬೇಕು ಎಂಬ ಭಾಗವನ್ನು ಓದಿದವರು ಕಡಿಮೆ. ನಿಮ್ಮ ಕಂಪನಿಯ ಎಚ್‌ಆರ್ ವಿಭಾಗವನ್ನು ಬರವಣಿಗೆಯಲ್ಲೇ ಕೇಳಿ. ನಮ್ಮ ಕಡೆಯ ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರವು ‘ಕೂಸಿನ ಮನೆ’ಗಳನ್ನು ತೆರೆದಿದೆ. ಮಣ್ಣು ಹೊರುವ ತಾಯಿಗೆ ಸಲ್ಲಬೇಕೆಂದು ಸರ್ಕಾರವೇ ಒಪ್ಪಿದ ಸೌಕರ್ಯವನ್ನು ಕಂಪ್ಯೂಟರಿನ ಮುಂದೆ ಕೂರುವ ತಾಯಿ ಸಂಕೋಚಪಡದೆ ಕೇಳಬಹುದು.

ಇಷ್ಟು ಮಾಡಿದ ಮೇಲೂ ಒಳಗೆ ಬರಿದಾದ ಭಾವ ಉಳಿದರೆ, ಅದು ನಿಜವಾಗಿ ಗುರಿಯ ಪ್ರಶ್ನೆ. ಗುರಿಯೆಂಬುದು ನೌಕರಿ ಮತ್ತು ಮನೆಯ ಆಚೆ ಮೂರನೆಯ ಜಾಗದಲ್ಲಿ ಇದೆಯೆಂದು ನಂಬಿಸುವವರು ಬಹಳ ಜನರಿದ್ದಾರೆ. ನನಗೆ ಅದು ಕೌಂಟರಿನಲ್ಲೇ ಸಿಕ್ಕಿತು. ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆ ಎಂಬುದೊಂದಿದೆ. ವರ್ಷಕ್ಕೊಮ್ಮೆ ಖಾತೆಯಿಂದ 436 ರೂಪಾಯಿ ತಾನಾಗಿಯೇ ಕಡಿತವಾಗುತ್ತದೆ, ವಿಮೆ ಮಾಡಿಸಿದವರು ತೀರಿಕೊಂಡರೆ ನಾಮಿನಿಗೆ ಎರಡು ಲಕ್ಷ ರೂಪಾಯಿ ಸಿಗುತ್ತದೆ. ಖಾತೆ ತೆರೆಯುವಾಗ ಯಾರೋ ಸಹಿ ಮಾಡಿಸಿಕೊಂಡಿರುತ್ತಾರೆ, ಮನೆಯವರಿಗೆ ಅದರ ಸುಳಿವೇ ಇರುವುದಿಲ್ಲ. ಗಂಡನ ಮರಣ ಪ್ರಮಾಣಪತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಖಾತೆಯಲ್ಲಿ ಉಳಿದ ಸಾವಿರವೋ ಎರಡು ಸಾವಿರವೋ ರೂಪಾಯಿಯನ್ನು ತೆಗೆದುಕೊಂಡು ಹೋಗಲು ಬಂದ ಹೆಣ್ಣುಮಗಳಿಗೆ, ಆ ಹಣವನ್ನು ಕೊಟ್ಟು ಖಾತೆಯನ್ನು ಮುಚ್ಚಿದರೆ ನನ್ನ ಕೆಲಸ ನಿಯಮದ ಪ್ರಕಾರ ಮುಗಿಯಿತು. ಅಷ್ಟಕ್ಕೇ ನಿಲ್ಲಿಸದೆ ಹಳೆಯ ವಹಿವಾಟುಗಳನ್ನು ಹಿಂದಕ್ಕೆ ತಿರುವಿ 436ರ ಕಡಿತ ಇದೆಯೇ ಎಂದು ನೋಡುವುದು, ಇದ್ದರೆ ಕ್ಲೇಮ್ ಅರ್ಜಿಯನ್ನು ತುಂಬಿಸಿ ಕಳುಹಿಸುವುದು ನಾನಾಗಿ ಹಾಕಿಕೊಂಡ ಪದ್ಧತಿ. ಕೌಂಟರಿನಲ್ಲಿ ಸಾಲು ಎಷ್ಟೇ ಉದ್ದವಿದ್ದರೂ ಇದನ್ನು ಬಿಡುವುದಿಲ್ಲವೆಂದು ನಿರ್ಧರಿಸಿದ್ದೇನೆ. ಎಲ್ಲ ಖಾತೆಗಳಲ್ಲೂ ಆ ಕಡಿತ ಇರುವುದಿಲ್ಲ. ಇದ್ದ ದಿನ ನಾನು ಈ ಕುರ್ಚಿಯಲ್ಲಿ ಏಕೆ ಕುಳಿತಿದ್ದೇನೆಂದು ನನ್ನನ್ನು ನಾನೇ ಕೇಳಿಕೊಳ್ಳಬೇಕಾಗುವುದಿಲ್ಲ.

ನಿಮ್ಮ ಕೆಲಸದಲ್ಲಿ ಅಂಥದ್ದು ಯಾವುದೆಂದು ಹಾವೇರಿಯಲ್ಲಿ ಕುಳಿತು ನಾನು ಹೇಳಲಾರೆ. ಹುಡುಕುವ ದಾರಿಯನ್ನು ಮಾತ್ರ ಹೇಳಬಲ್ಲೆ: ಯಾರೂ ಕೇಳದಿದ್ದರೂ, ಅಪ್ರೈಸಲ್‌ನಲ್ಲಿ ಅಂಕ ಸಿಗದಿದ್ದರೂ ನೀವು ಚೆನ್ನಾಗಿಯೇ ಮಾಡುವ ಕೆಲಸ ಯಾವುದು, ಅದರಿಂದ ಅನುಕೂಲ ಪಡೆಯುವ ಮನುಷ್ಯ ಯಾರು ಎಂದು ನೋಡಿ. ಆ ಮನುಷ್ಯನ ಮುಖ ಕಾಣದಷ್ಟು ದೂರದಲ್ಲಿ ನಿಮ್ಮ ಕೆಲಸವಿದ್ದರೆ, ಅದೇ ಸಂಸ್ಥೆಯಲ್ಲಿ ಮುಖ ಕಾಣುವ ಕೆಲಸಕ್ಕೆ ಸರಿಯಲು ಸಾಧ್ಯವೇ ಎಂದು ವಿಚಾರಿಸಬಹುದು. ಹೊಸಬರಿಗೆ ಕೆಲಸ ಕಲಿಸುವುದು ಕೂಡ ಅಂಥದ್ದೇ.

ಇನ್ನು ಉದ್ದೇಶಪೂರ್ವಕವಾಗಿ ಬದುಕುವುದೆಂದರೆ ನನ್ನ ಪಾಲಿಗೆ ಬಹುಮಟ್ಟಿಗೆ ಎಷ್ಟು ಸಾಕೆಂದು ಮುಂಚೆಯೇ ಗೊತ್ತುಮಾಡಿಕೊಳ್ಳುವುದು. ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಕತೆ ನಿಮಗೆ ಗೊತ್ತಿರಬಹುದು. ಪತಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದವಳು ಅವಳು. ಅವಳಿಗೆ ಮನೆಯ ಅಳತೆ ಗೊತ್ತಿತ್ತು. ಬ್ಯಾಂಕಿನಲ್ಲಿ ಕ್ಲರ್ಕ್ ಹುದ್ದೆಯಿಂದ ಆಫೀಸರ್ ಹುದ್ದೆಗೆ ಬಡ್ತಿ ಬಂದರೆ ಅದರ ಬೆನ್ನಿಗೇ ವರ್ಗಾವಣೆ ಬರುವುದು ವಾಡಿಕೆ, ಹೀಗಾಗಿ ಬಹಳ ಹೆಂಗಸರು ಬಡ್ತಿಯ ಪರೀಕ್ಷೆಗೇ ಕೂರುವುದಿಲ್ಲ. ನಾನೂ ಸದ್ಯಕ್ಕೆ ಕೂತಿಲ್ಲ. ಆದರೆ ‘ಮಕ್ಕಳಿಗಾಗಿ ತ್ಯಾಗ ಮಾಡಿದೆ’ ಎಂದು ನಾನು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಮಗ ಹತ್ತನೆಯ ತರಗತಿ ಮುಗಿಸಿದ ಮೇಲೆ ಬರೆಯುತ್ತೇನೆ, ಆಗ ಮನೆ ನಡೆಸುವ ಸರದಿ ಅವನ ತಂದೆಯದು ಎಂದು ಇಬ್ಬರೂ ಕುಳಿತು ಮಾತಾಡಿ ಗೊತ್ತುಮಾಡಿದ್ದೇವೆ. ಅವಧಿಯಿಲ್ಲದ ತ್ಯಾಗವು ಮುಂದೆ ಮಕ್ಕಳ ತಲೆಯ ಮೇಲೆ ಋಣವಾಗಿ ಕೂರುತ್ತದೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನನಗೆ ಸಿಕ್ಕಿರುವ ಇನ್ನೊಂದು ಅನುಕೂಲವೆಂದರೆ ಶನಿವಾರ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ ಇದೆ. ಮಕ್ಕಳಿಗೆ ಅಂದು ಬೆಳಗಿನ ಶಾಲೆ, ಪತಿಗೆ ಕಾಲೇಜು. ಮನೆ ಶಾಂತವಾಗಿರುವ ಆ ಮೂರ್ನಾಲ್ಕು ತಾಸುಗಳಲ್ಲಿ ಕಪಾಟು ಒರೆಸುವುದಿಲ್ಲ, ಹಿಟ್ಟು ರುಬ್ಬುವುದಿಲ್ಲ. ಓದುತ್ತೇನೆ, ಇಲ್ಲವೇ ಸುಮ್ಮನೆ ಮಲಗುತ್ತೇನೆ. ಆ ಹೊತ್ತಿನಿಂದ ಏನಾದರೂ ಸಾಧನೆ ಆಗಲೇಬೇಕೆಂಬ ಷರತ್ತನ್ನು ನಾನು ಹಾಕಿಕೊಂಡಿಲ್ಲ, ನೀವೂ ಹಾಕಿಕೊಳ್ಳಬೇಡಿ.

ಕೊನೆಯದಾಗಿ, ಕೆಲಸ ಬಿಡಬೇಕೇ ಎಂಬ ಪ್ರಶ್ನೆ. ದಣಿದಿರುವಾಗ ಈ ತೀರ್ಮಾನಕ್ಕೆ ಬರಬೇಡಿ ಎನ್ನುತ್ತೇನೆ. ಮೊದಲು ಶಾಲೆ, ಅಡುಗೆ, ಆಸ್ಪತ್ರೆ ಇವುಗಳಲ್ಲಿ ಕನಿಷ್ಠ ಒಂದು ವಿಷಯವನ್ನು ಪತಿಗೆ ಪೂರ್ತಿಯಾಗಿ ವಹಿಸಿ, ಕೆಲವು ತಿಂಗಳು ಅದರತ್ತ ತಿರುಗಿ ನೋಡದೆ ಇದ್ದು, ಆಮೇಲೆ ಯೋಚಿಸಿ. ಆಗಲೂ ಬಿಡಬೇಕೆನ್ನಿಸಿದರೆ ಬಿಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಹಣದ ಲೆಕ್ಕ ಹಾಕುವಾಗ ಒಂದು ಎಚ್ಚರಿಕೆ ಇರಲಿ. ಎಷ್ಟೋ ಮನೆಗಳಲ್ಲಿ ಡೇಕೇರ್ ಫೀಸನ್ನೂ ಅಡುಗೆಯವರ ಸಂಬಳವನ್ನೂ ಹೆಂಡತಿಯ ಸಂಬಳದಿಂದ ಮಾತ್ರ ಕಳೆದು, ಉಳಿಯುವುದು ಇಷ್ಟೇ ತಾನೆ ಎನ್ನುತ್ತಾರೆ. ಮಗು ಇಬ್ಬರದು, ಆದ್ದರಿಂದ ಆ ಖರ್ಚನ್ನು ಇಬ್ಬರ ಸಂಬಳಗಳ ಮೊತ್ತದಿಂದ ಕಳೆಯಬೇಕು. ನೀವು ಬಿಟ್ಟ ವರ್ಷಗಳಲ್ಲಿ ನಿಂತುಹೋಗುವ ಭವಿಷ್ಯ ನಿಧಿಯ ಕಂತನ್ನೂ, ಮತ್ತೆ ಸೇರುವಾಗ ಸಿಗಬಹುದಾದ ಕಡಿಮೆ ಸಂಬಳವನ್ನೂ ಅದೇ ಹಾಳೆಯಲ್ಲಿ ಬರೆದುಕೊಂಡು, ಪತಿಯ ಜೊತೆ ಕುಳಿತು ನೋಡಿ.