ಮರದ ಹಲಗೆಗೆ ಮೆತ್ತೆ ಹಾಕಿಸಿದವರು ದಂಡವತೆ

ರೈಲಿನ ಎರಡನೇ ದರ್ಜೆ ಸ್ಲೀಪರ್‌ಗೆ ಮೆತ್ತೆ ಹಾಕಿಸಿದ್ದು ಜಾರ್ಜ್ ಫರ್ನಾಂಡಿಸ್ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ ಸರ್, ಅದು ಮಧು ದಂಡವತೆ. ಇಬ್ಬರೂ ಸಮಾಜವಾದಿಗಳು, ಇಬ್ಬರೂ ರೈಲ್ವೆ ಮಂತ್ರಿಗಳಾಗಿದ್ದವರು. ಹಾಗಾಗಿ ಗೊಂದಲ ಸಹಜ.

ದಂಡವತೆ ಮುಂಬೈಯಲ್ಲಿ ಭೌತಶಾಸ್ತ್ರದ ಮೇಷ್ಟ್ರು. 1971ರಿಂದ ಕೊಂಕಣದ ರಾಜಾಪುರದಿಂದ ಲೋಕಸಭೆಗೆ ಸತತ ಐದು ಸಲ ಗೆದ್ದರು. ತುರ್ತುಪರಿಸ್ಥಿತಿಯಲ್ಲಿ ಅವರನ್ನು ಹಿಡಿದದ್ದು ನಮ್ಮ ಬೆಂಗಳೂರಲ್ಲೇ. ಸಂಸದೀಯ ಸಮಿತಿ ಸಭೆಗೆ ಬಂದಿದ್ದರು, ವಾಜಪೇಯಿ, ಅಡ್ವಾಣಿ ಜೊತೆ ಜೈಲಿಗೆ ಹೋದರು. ಹೆಂಡತಿ ಪ್ರಮೀಳಾ ಅವರೂ ಆಗ ಯರವಡಾ ಜೈಲಿನಲ್ಲಿದ್ದರು.

1977ರಲ್ಲಿ ರೈಲ್ವೆ ಮಂತ್ರಿಯಾದರು. ಅಲ್ಲಿಯವರೆಗೆ ಬಡವರಿಗೆ ಬರೀ ಮರದ ಹಲಗೆ. ಅದರ ಮೇಲೆ ಎರಡು ಇಂಚು ಫೋಮ್ ಹಾಕಿಸಿದರು. ಕೇಳೋಕೆ ಸಣ್ಣದು, ಆದರೆ ರಾತ್ರಿಯಿಡೀ ಹಲಗೆ ಮೇಲೆ ಮಲಗಿದವರಿಗೆ ಗೊತ್ತು! ನನಗಂತೂ ಅವರ ದೊಡ್ಡ ಕೆಲಸ ಇದೇ. 1974ರ ರೈಲ್ವೆ ಮುಷ್ಕರದಲ್ಲಿ ಕೆಲಸ ಕಳಕೊಂಡವರನ್ನು ವಾಪಸ್ ತೆಗೆದುಕೊಂಡದ್ದೂ ಅವರ ಕಾಲದಲ್ಲೇ. ಆ ಮುಷ್ಕರ ನಡೆಸಿದ್ದು ನೀವು ಹೇಳಿದ ಜಾರ್ಜ್.

ಆಮೇಲೆ ವಿ.ಪಿ. ಸಿಂಗ್ ಸರ್ಕಾರದಲ್ಲಿ ಹಣಕಾಸು ಮಂತ್ರಿ. 1991ರಲ್ಲಿ ರಾಜಾಪುರ ಕೈಬಿಟ್ಟಿತು. ಕೊಂಕಣ ರೈಲ್ವೆಗೂ ಅವರು ವರ್ಷಗಟ್ಟಲೆ ಹೋರಾಡಿದ್ದರು. 1990ರಲ್ಲಿ ರೈಲ್ವೆ ಮಂತ್ರಿಯಾಗಿ ಅದಕ್ಕೆ ಚಾಲನೆ ಕೊಟ್ಟದ್ದು ಮಾತ್ರ ನಿಮ್ಮ ಜಾರ್ಜೇ.